84 ಮೈಕ್ರಾನ್ ಕೆಂಪು

ಹಳೇ ಕಾರಿನ ಬಣ್ಣ ಮಾಸಿದ್ರೆ ಜನ ಹೇಳೋದು ಒಂದೇ ಮಾತು: ‘ಪೇಂಟ್ ಹೋಗಿದೆ’. ಬಹಳಷ್ಟು ಸಲ ಪೇಂಟ್ ಎಲ್ಲೂ ಹೋಗಿರಲ್ಲ. ಮೇಲಿನ ತೆಳು ಪದರ ಮಾತ್ರ ಬಿಸಿಲಿಗೆ ಸತ್ತು, ಪುಡಿಯಾಗಿ, ಅಲ್ಲೇ ಕೂತಿರುತ್ತೆ. ಆ ಸತ್ತ ಪದರವನ್ನ ಉಜ್ಜಿ ತೆಗೆದ್ರೆ ಕೆಳಗಿರೋ ಜೀವಂತ ಬಣ್ಣ ಕಾಣುತ್ತೆ. ಕಾರು ಪಾಲಿಶ್ ಅನ್ನೋದರ ಗುಟ್ಟು ಇಷ್ಟೇ. ಅಂದ್ರೆ ಪ್ರತಿ ಸಲ ಕಾರು ಹೊಳೆದಾಗಲೂ ಸ್ವಲ್ಪ ಬಣ್ಣ ಕಡಿಮೆಯಾಗಿರುತ್ತೆ.

ಒನ್ ಗ್ರಾಂ ಗೋಲ್ಡ್ ಸರ ಹಾಕ್ಕೊಂಡೋರಿಗೆ ಇದು ಬೇಗ ಅರ್ಥ ಆಗುತ್ತೆ. ಉಜ್ಜಿದ್ರೆ ಹೊಳೆಯುತ್ತೆ, ಇನ್ನೂ ಉಜ್ಜಿದ್ರೆ ತಾಮ್ರ ಕಾಣುತ್ತೆ.

ಕಾರಿನ ಮೇಲೆ ಕಂಪನಿಯವರು ಹಾಕಿರೋ ಬಣ್ಣದ ಒಟ್ಟು ದಪ್ಪ ಸಾಮಾನ್ಯವಾಗಿ 100ರಿಂದ 120 ಮೈಕ್ರಾನ್. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಒಂದೂವರೆ ಕೂದಲಿನಷ್ಟು ದಪ್ಪ, ಅದರೊಳಗೇ ಮೂರ್ನಾಲ್ಕು ಪದರ. ಎಲ್ಲಕ್ಕಿಂತ ಕೆಳಗೆ, ತಗಡಿಗೆ ಅಂಟಿಕೊಂಡ ಹಾಗೆ, ತುಕ್ಕು ತಡೆಯೋ ಪದರ. ಇಡೀ ಬಾಡಿಯನ್ನ ದೊಡ್ಡ ತೊಟ್ಟಿಯಲ್ಲಿ ಮುಳುಗಿಸಿ, ಕರೆಂಟ್ ಹಾಯಿಸಿ ಕೂರಿಸೋದು ಇದನ್ನ. ಅದರ ಮೇಲೆ ಪ್ರೈಮರ್. ಅದರ ಮೇಲೆ ಬಣ್ಣ. ಈಗಿನ ಬಹುತೇಕ ಕಾರುಗಳಲ್ಲಿ ಬಣ್ಣದ ಮೇಲೆ ಕ್ಲಿಯರ್ ಕೋಟ್, ಅಂದ್ರೆ ಗಾಜಿನಂಥ ಪಾರದರ್ಶಕ ಪದರ. ನಾವು ಪಾಲಿಶ್ ಮಾಡೋಕೆ ಸಿಗೋದು ಎಲ್ಲಕ್ಕಿಂತ ಮೇಲಿರೋ ಒಂದೇ ಒಂದು ಪದರ, ಅದೂ ಸುಮಾರು 40 ಮೈಕ್ರಾನ್.

ಇಷ್ಟೆಲ್ಲ ಲೆಕ್ಕ ನನಗೆ ಬಾಯಿಪಾಠ ಆಗಿದ್ದು 2024ರ ಬೇಸಿಗೆಯಲ್ಲಿ.

ನನ್ನದು 2009ರ ಕೆಂಪು ಹ್ಯಾಚ್‌ಬ್ಯಾಕ್. ಯಾವ ಕಂಪನಿ ಅಂತ ಹೇಳಲ್ಲ, ನಿಮ್ಮ ಬೀದಿಯಲ್ಲೂ ಎರಡು ಇರುತ್ತೆ. 2015ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಾಗ ಮೀಟರ್‌ನಲ್ಲಿ 62,000 ಕಿಲೋಮೀಟರ್ ಇತ್ತು. ಮೊದಲ ಕೆಲಸದ ಉಳಿತಾಯ ಪೂರ್ತಿ ಹಾಕಿ ತಗೊಂಡಿದ್ದು. ಡ್ರೈವಿಂಗ್ ಕಲಿತದ್ದೂ ಅದರಲ್ಲೇ. ಆಮೇಲೆ ಎಂಟೊಂಬತ್ತು ವರ್ಷ ಬನಶಂಕರಿಯಿಂದ ವೈಟ್‌ಫೀಲ್ಡ್, ವೈಟ್‌ಫೀಲ್ಡ್‌ನಿಂದ ಬನಶಂಕರಿ. ಹಬ್ಬಕ್ಕೆ ಊರು. ಅಮ್ಮನ ಮೊಣಕಾಲಿನ ಡಾಕ್ಟರು. ಈಗ 1,78,000. ಎಂಜಿನ್ ಇವತ್ತಿಗೂ ಬೆಳಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತೆ. ಬಣ್ಣ ಮಾತ್ರ ಕೆಂಪು ಅಂತ ಹೇಳೋ ಹಾಗಿರಲಿಲ್ಲ. ಬಾಗಿಲುಗಳು ಮಂಕು ಕೆಂಪು, ಬಾನೆಟ್ ಬಿಳಿಚಿಕೊಂಡ ಕೆಂಪು, ಟಾಪ್ ಅಂತೂ ಬೀಟ್ರೂಟ್ ಮೊಸರುಬಜ್ಜಿ.

ಹೋಗ್ಲಿ, ಹೊಸದು ತಗೊಳ್ಳೋಣ ಅಂತಿದ್ದೆ. ಜನವರಿಯಲ್ಲಿ ಎರಡು ಶೋರೂಮ್ ಸುತ್ತಿ, ಟೆಸ್ಟ್ ಡ್ರೈವ್ ಮುಗಿಸಿ, ಇಎಂಐ ಲೆಕ್ಕ ಹಾಕಿ ಇಟ್ಟಿದ್ದೆ. ತಿಂಗಳಿಗೆ ಹದಿನೇಳು ಸಾವಿರ, ಐದು ವರ್ಷ. ಫೆಬ್ರವರಿ ಎರಡನೇ ವಾರ ಆಫೀಸಿನಿಂದ ಹದಿನೈದು ನಿಮಿಷದ ಒಂದು ವಿಡಿಯೋ ಕಾಲ್ ಬಂತು. ಕಾಲ್‌ನಲ್ಲಿ ಮ್ಯಾನೇಜರ್ ಜೊತೆ ಎಚ್‌ಆರ್ ಕೂಡ ಇದ್ದದ್ದು ನೋಡಿದ ತಕ್ಷಣ ವಿಷಯ ಗೊತ್ತಾಯ್ತು. ನಮ್ಮ ಟೀಮ್‌ನಲ್ಲಿ ಹನ್ನೊಂದು ಜನ ಇದ್ವಿ, ಆ ಸಂಜೆ ನಾಲ್ಕು ಜನ ಉಳಿದ್ರು. ಲ್ಯಾಪ್‌ಟಾಪ್ ಕೊರಿಯರ್‌ನವನು ಮಾರನೇ ದಿನವೇ ಬಂದು ತಗೊಂಡು ಹೋದ.

ಇದನ್ನ ಓದ್ತಿರೋರಲ್ಲಿ ಎಷ್ಟೋ ಜನಕ್ಕೆ ಆ ವಾರಗಳು ಹೇಗಿರುತ್ತೆ ಅಂತ ಗೊತ್ತಿರುತ್ತೆ, ವಿವರಿಸೋಕೆ ಹೋಗಲ್ಲ. ಒಂದು ಮಾತ್ರ ಹೇಳ್ತೀನಿ. ಕೆಲಸ ಹೋದಾಗ ದುಡ್ಡಿನ ಚಿಂತೆಗಿಂತ ಮೊದಲು ಬರೋದು ಬೆಳಗ್ಗೆ ಎಂಟೂವರೆಯ ಚಿಂತೆ. ಆ ಹೊತ್ತಿಗೆ ಕಾರು ಗೇಟಿನ ಹೊರಗೇ ನಿಂತಿರುತ್ತೆ, ಇಡೀ ಬೀದಿ ನೋಡುತ್ತೆ.

ಅದರ ಜೊತೆಗೆ ಇನ್ನೊಂದು ಗಡುವು. ನಮ್ಮಲ್ಲಿ ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ. ನನ್ನದು ಜೂನ್ ಕೊನೆಗೆ ಮುಗೀತಿತ್ತು. ಮುಂದುವರಿಸಬೇಕಾದ್ರೆ ಆರ್‌ಟಿಓದಲ್ಲಿ ಗಾಡಿ ತೋರಿಸಿ, ಐದು ವರ್ಷಕ್ಕೆ ರಿನ್ಯೂ ಮಾಡಿಸಬೇಕು. 2022ರ ಏಪ್ರಿಲ್‌ನಿಂದ ಕಾರಿನ ರಿನ್ಯೂವಲ್ ಶುಲ್ಕ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿದೆ. ಇಟ್ಕೊಳ್ಳೋದಾ, ಕೊಟ್ಟುಬಿಡೋದಾ, ತೀರ್ಮಾನ ಮಾಡಲೇಬೇಕಿತ್ತು.

ಬೆಲೆ ಎಷ್ಟು ಬರುತ್ತೆ ನೋಡೋಣ ಅಂತ ಹಳೇ ಕಾರು ಕೊಳ್ಳೋರ ಕಡೆಯ ಒಬ್ಬ ಹುಡುಗನನ್ನ ಕರೆಸಿದೆ. ಕೈಯಲ್ಲಿ ಪುಟ್ಟ ಯಂತ್ರ. ಬಾಡಿಗೆ ಒತ್ತಿ ಹಿಡಿದ್ರೆ ಪೇಂಟ್ ಎಷ್ಟು ಮೈಕ್ರಾನ್ ಇದೆ ಅಂತ ತೋರಿಸುತ್ತೆ. ಆಕ್ಸಿಡೆಂಟ್ ಆಗಿ ರೀಪೇಂಟ್ ಮಾಡಿಸಿದ್ರೆ ನಂಬರ್ ಇನ್ನೂರು ದಾಟುತ್ತೆ, ಪಟ್ಟಿ ಹಾಕಿ ಡೆಂಟ್ ಮುಚ್ಚಿದ್ರೆ ಇನ್ನೂ ಮೇಲೆ ಹೋಗುತ್ತೆ. ಬಾನೆಟ್ 98. ಬಲಗಡೆ ಬಾಗಿಲು 105. ಎಡಗಡೆ ಹಿಂದಿನ ಬಾಗಿಲು 260, ಹಳೇ ಓನರ್ ಕಾಲದ ರಿಪೇರಿ ಅದು. ಟಾಪ್ 84. ಪ್ರತಿ ನಂಬರನ್ನೂ ನನ್ನ ಫೋನಿನಲ್ಲಿ ಬರೆದುಕೊಂಡೆ. ಅವನು ಎಂಜಿನ್ ಸ್ಟಾರ್ಟ್ ಮಾಡಿ ಅರ್ಧ ನಿಮಿಷ ಕೇಳಿದ, ಮತ್ತೆ ಬಂದು ಬಾನೆಟ್ ಮೇಲೆ ಬೆರಳಾಡಿಸಿ, ಬೆರಳಿಗೆ ಹತ್ತಿದ ಪುಡಿ ತೋರಿಸಿದ.

‘ಪೇಂಟ್ ಡೆಡ್ ಆಗಿದೆ ಮೇಡಂ. ನಲವತ್ತು ಕೊಡಬಹುದು.’

ನಲವತ್ತು ಸಾವಿರಕ್ಕೆ ಕಾರು ಹೋದ್ರೆ ನನಗೆ ಉಳಿಯೋದು ಏನು? ಬಸ್ಸು, ಆಟೋ, ಮೆಟ್ರೋ ಇದೆ, ನಿಜ. ಅಮ್ಮ ಮೆಟ್ಟಿಲು ಹತ್ತಲ್ಲ. ಕೆಲಸ ಸಿಕ್ಕಿದ ದಿನವೇ ಮತ್ತೆ ಕಾರು ಬೇಕು, ಅಂದ್ರೆ ಸಂಬಳ ಶುರುವಾಗೋ ಮೊದಲೇ ಇಎಂಐ ಶುರು. ಆಗ ಯಾರು ಎಷ್ಟು ಕೊಡ್ತೀನಿ ಅಂದ್ರೂ ಹೂಂ ಅನ್ನಬೇಕು. ಈ ಕಾರಿನ ಸಾಲ ತೀರಿ ಎಷ್ಟೋ ವರ್ಷ ಆಗಿತ್ತು. ಆ ಬೇಸಿಗೆಯಲ್ಲಿ ನನ್ನ ಹತ್ತಿರ ಇದ್ದ ಏಕೈಕ ಬಲ ಅದು. ಅವನಿಗೆ ಬೇಡ ಅಂದೆ.

ಬೇಡ ಅಂದಮೇಲೆ ಅದನ್ನ ಮೊಸರುಬಜ್ಜಿ ಬಣ್ಣದಲ್ಲೇ ಇನ್ನೂ ಐದು ವರ್ಷ ಓಡಿಸೋಕೆ ಮನಸ್ಸಾಗಲಿಲ್ಲ. ಬರೀ ಶೋಕಿ ಅಂದ್ಕೊಬೇಡಿ. ಸತ್ತ ಪದರವನ್ನ ಹಾಗೇ ಬಿಟ್ರೆ ಅದು ನೀರು, ಕೊಳೆ ಹಿಡಿದಿಟ್ಟುಕೊಂಡು ಕೆಳಗಿನ ಪದರವನ್ನೂ ತಿನ್ನುತ್ತೆ. ಪ್ರೈಮರ್ ಹೊರಗೆ ಬಂದ್ರೆ ಮುಂದಿನದು ತಗಡು, ತಗಡಿಗೆ ಬಂದ್ರೆ ತುಕ್ಕು. ತುಕ್ಕು ಹಿಡಿದ ಬಾಡಿಗೆ ಎಂಜಿನ್ ಎಷ್ಟು ಚೆನ್ನಾಗಿದ್ರೆ ಏನು?

ಮನೆ ಹತ್ತಿರದ ಒಂದು ಗ್ಯಾರೇಜಿಗೆ ತಗೊಂಡು ಹೋದೆ. ಟಿಂಕರಿಂಗ್, ಪೇಂಟಿಂಗ್ ಎರಡೂ ಮಾಡ್ತಾರೆ. ಮೇಸ್ತ್ರಿಗೆ ಅರವತ್ತರ ಹತ್ತಿರ ವಯಸ್ಸು, ನಲವತ್ತು ವರ್ಷದಿಂದ ಗನ್ ಹಿಡಿದೋರು. ಫುಲ್ ಪೇಂಟಿಂಗ್‌ಗೆ 38,000 ಅಂದ್ರು. ಹೇಳಿದವರೇ ಒಂದು ಬಿಳಿ ಬನಿಯನ್ ಬಟ್ಟೆ ತುಂಡಿಗೆ ಸ್ವಲ್ಪ ಪಾಲಿಶ್ ಹಾಕ್ಕೊಂಡು ಬಾನೆಟ್ ಮೂಲೆಯಲ್ಲಿ ಹತ್ತು ಸಲ ತಿಕ್ಕಿದ್ರು. ಬಟ್ಟೆ ಕುಂಕುಮ ಆಯ್ತು. ಬಾನೆಟ್ ಮೇಲೆ ಒಂದು ರೂಪಾಯಿ ಅಗಲ ಕೆಂಪು ಹೊಳೀತು.

‘ನೋಡಿ, ಇದಕ್ಕೆ ಕ್ಲಿಯರ್ ಇಲ್ಲ. ಬರೀ ಕಲರ್. ಕ್ಲಿಯರ್ ಇದ್ದು ಎದ್ದುಹೋಗಿದ್ರೆ ನನ್ನ ಕೈಲೂ ಏನೂ ಆಗ್ತಿರಲಿಲ್ಲ, ಪೇಂಟೇ ಮಾಡ್ಬೇಕಿತ್ತು. ಇದು ಬರುತ್ತೆ.’

ಹಳೇ ಕಾರು ಇಟ್ಕೊಂಡೋರು ಈ ಬಿಳಿ ಬಟ್ಟೆ ಪರೀಕ್ಷೆಯನ್ನ ಮನೆಯಲ್ಲೇ ಮಾಡ್ಕೊಬಹುದು. ಪಾಲಿಶ್ ಹಾಕಿ ತಿಕ್ಕಿದಾಗ ಬಟ್ಟೆಗೆ ಕಾರಿನ ಬಣ್ಣ ಹತ್ತಿದ್ರೆ ಅದು ಒಂದೇ ಪದರದ ಪೇಂಟ್. ಹತ್ತದಿದ್ರೆ ಮೇಲೆ ಕ್ಲಿಯರ್ ಕೋಟ್ ಇದೆ ಅಂತ. ಕ್ಲಿಯರ್ ಕೋಟ್ ಮಂಕಾಗಿದ್ರೆ, ಸಣ್ಣ ಗೀರು ತುಂಬಿದ್ರೆ ಪಾಲಿಶ್‌ಗೆ ಬಗ್ಗುತ್ತೆ. ಬಿಸಿಲಿಗೆ ಸುಟ್ಟ ಚರ್ಮ ಸುಲಿಯೋ ಹಾಗೆ ಹಾಳೆಹಾಳೆಯಾಗಿ ಏಳ್ತಿದ್ರೆ ಯಾವ ಪಾಲಿಶ್ ತಂದ್ರೂ ದುಡ್ಡು ದಂಡ.

ಮೇಸ್ತ್ರಿ ಇನ್ನೊಂದು ವಿಷಯ ಹೇಳಿದ್ರು. ಕಾರ್ಖಾನೆಯಲ್ಲಿ ಬರಿ ಬಾಡಿಗೆ ಬಣ್ಣ ಹೊಡೆದು ಸುಮಾರು 140 ಡಿಗ್ರಿಯಲ್ಲಿ ಬೇಯಿಸ್ತಾರೆ. ಅಲ್ಲಿ ಸೀಟಿಲ್ಲ, ವೈರಿಲ್ಲ, ರಬ್ಬರಿಲ್ಲ. ಗ್ಯಾರೇಜಿಗೆ ಬರೋದು ಪೂರ್ತಿ ಕಾರು, ಅದನ್ನ ಅಷ್ಟು ಕಾಯಿಸಿದ್ರೆ ಅರ್ಧ ಸಾಮಾನು ಕರಗುತ್ತೆ. ಬೂತ್ ಇರೋ ಕಡೆಯೂ 60 ಡಿಗ್ರಿ ಆಸುಪಾಸು. ಬೂತ್ ಇಲ್ಲದ ಕಡೆ ಬಿಸಿಲೇ ಒಲೆ. ‘ನಾನು ಎಷ್ಟು ಚೆನ್ನಾಗಿ ಹೊಡೆದ್ರೂ ಅದು ಕಂಪನಿ ಪೇಂಟ್ ಆಗಲ್ಲ ಮೇಡಂ. ಅದು ಇರೋವರೆಗೂ ಇಟ್ಕೊಳ್ಳಿ. ಉಜ್ಜಿ, ಲೆಕ್ಕ ಇಟ್ಕೊಂಡು ಉಜ್ಜಿ.’

38,000ದ ಗಿರಾಕಿಯನ್ನ ಕಳಕೊಂಡು ಹೀಗೆ ಹೇಳಿದ ಮನುಷ್ಯನ ಮುಖ ನೋಡಿದೆ. ಮೂಗಿಗೆ ಕಟ್ಟಿದ್ದ ಕರ್ಚೀಫು ಕತ್ತಿಗೆ ಇಳಿದಿತ್ತು, ಮಾತಿನ ಮಧ್ಯೆ ಕೆಮ್ಮು. ಈಗಿನ ಪೇಂಟ್‌ಗೆ ಬೆರೆಸೋ ಹಾರ್ಡ್‌ನರ್‌ನಲ್ಲಿ ಐಸೋಸಯನೇಟ್ ಅನ್ನೋ ರಾಸಾಯನಿಕ ಇರುತ್ತೆ. ಸ್ಪ್ರೇ ಮಾಡೋವಾಗ ಅದನ್ನ ಉಸಿರಾಡಿದ್ರೆ ಆಸ್ತಮಾ ಬರುತ್ತೆ, ಪೇಂಟರ್‌ಗಳ ಕಸುಬಿಗೇ ಅಂಟಿದ ಕಾಯಿಲೆ ಅದು. ಕರ್ಚೀಫು ಅದನ್ನ ತಡೆಯಲ್ಲ. ಮಾಸ್ಕ್ ಯಾಕೆ ಹಾಕಲ್ಲ ಅಂತ ಕೇಳಿದೆ. ‘ಹುಡುಗರಿಗೆ ತಂದುಕೊಟ್ಟಿದೀನಿ, ನನಗೆ ಇನ್ನೇನು’ ಅಂದ್ರು. ಹುಡುಗರು ಹಾಕಿದ್ರು, ಅದನ್ನ ನೋಡಿದೆ.

ಉಜ್ಜೋದು ಅಂತ ತೀರ್ಮಾನ ಆಯ್ತು. ಉಜ್ಜೋಕೆ ಮೊದಲು ತೊಳೀಬೇಕು. ಅದು ಬೆಂಗಳೂರಿನಲ್ಲಿ 2024ರ ಮಾರ್ಚ್.

ನೆನಪಿರಬೇಕು ನಿಮಗೆ. ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರ್‌ಗೆ ಕ್ಯೂ ನಿಂತ ತಿಂಗಳು. ಕುಡಿಯೋ ನೀರಿನಲ್ಲಿ ಕಾರು ತೊಳೆದ್ರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತು. ಕಾರು ತೊಳೆದ್ರೂ ಐದು ಸಾವಿರ, ಕಾರು ಇಟ್ಕೊಂಡ್ರೂ ಐದು ಸಾವಿರ. ಸಂಬಳ ಇಲ್ಲದ ಮನೆಯಲ್ಲಿ ಇಂಥ ಲೆಕ್ಕಕ್ಕೆ ನಗು ಬರುತ್ತೆ, ನಂಬಿ.

ಅದು ನ್ಯಾಯವಾದ ಆದೇಶವೇ. ಜನ ಬಿಂದಿಗೆ ಹಿಡಿದು ನಿಂತಿರೋವಾಗ ನಾನು ಪೈಪ್ ಹಿಡಿದು ಕಾರು ತೊಳೆಯೋಕೆ ಆಗುತ್ತಾ? ಏಪ್ರಿಲ್ ಹಾಗೇ ಒಣಗಿಕೊಂಡು ಹೋಯ್ತು. ಆ ತಿಂಗಳು ಒಂದು ಆಫರ್ ಬಂತು, ಹಳೇ ಸಂಬಳಕ್ಕಿಂತ ಶೇಕಡಾ 35 ಕಡಿಮೆ, ಮೇಲೆ ರಾತ್ರಿ ಪಾಳಿ. ಎರಡು ದಿನ ಯೋಚಿಸಿ ಬೇಡ ಅಂದೆ. ಹದಿನೇಳು ಸಾವಿರದ ಇಎಂಐ ಇದ್ದಿದ್ರೆ ಎರಡು ನಿಮಿಷ ಕೂಡ ಯೋಚಿಸೋಕೆ ಆಗ್ತಿರಲಿಲ್ಲ.

ಮೇ ಮೊದಲ ವಾರ ಮಳೆ ಬಂತು. ಟೆರೇಸಿನಿಂದ ಇಳಿಯೋ ಪೈಪಿನ ಕೆಳಗೆ ಡ್ರಮ್ ಇಟ್ಟೆ. ಮೊದಲ ಮಳೆಯ ಧೂಳು ನೀರನ್ನ ಗಿಡಕ್ಕೆ ಬಿಟ್ಟು, ಆಮೇಲಿನದನ್ನ ಬಟ್ಟೆ ಕಟ್ಟಿ ಸೋಸಿ ಹಿಡಿದೆ. ಕಾರಿಗೆ ಮಳೆನೀರು ಅಮೃತ ಇದ್ದಂಗೆ, ಯಾಕಂದ್ರೆ ಅದರಲ್ಲಿ ಉಪ್ಪಿನಂಶ ಇರೋದೇ ಇಲ್ಲ ಅನ್ನಬಹುದು. ನಮ್ಮ ಬೋರ್‌ವೆಲ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ. ಬಿಸಿಲಿಗೆ ಒಣಗಿದಾಗ ನೀರು ಹಾರಿಹೋಗಿ ಅವು ಬಿಳಿ ಚುಕ್ಕೆಯಾಗಿ ಕೂರುತ್ತೆ. ನಿಮ್ಮ ಬಾತ್‌ರೂಮ್ ನಲ್ಲಿಯ ಮೇಲೆ ಕಟ್ಟೋ ಬಿಳಿ ಪೊರೆಯೂ ಅದೇ.

ಕಾರಿನ ಬಣ್ಣ ಹಾಳಾಗೋಕೆ ಬೆಂಗಳೂರು ಹೇಳಿಮಾಡಿಸಿದ ಊರು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ, ಹವಾ ತಂಪು ಅನ್ನಿಸಿದ್ರೂ ನೇರಳಾತೀತ ಕಿರಣ ಜೋರು. ಕೆಂಪು ಬಣ್ಣದ ಹಣೆಬರಹ ಇನ್ನೂ ಕೆಟ್ಟದ್ದು. ಕೆಂಪಾಗಿ ಕಾಣೋದು ಅಂದ್ರೆ ಕೆಂಪು ಬೆಳಕನ್ನ ವಾಪಸ್ ಕಳಿಸಿ, ನೀಲಿ ಕಡೆಯ ಜಾಸ್ತಿ ಶಕ್ತಿಯ ಬೆಳಕನ್ನ ತಾನೇ ನುಂಗಿಕೊಳ್ಳೋದು. ಬಿಸಿಲು ಬೇಡ ಅಂತ ನೆರಳು ಹುಡುಕಿ ಮರದ ಕೆಳಗೆ ನಿಲ್ಲಿಸಿದ್ರೆ ಮೇಲಿಂದ ಅಂಟು, ಹೂವಿನ ಕಲೆ, ಕಾಗೆ ಪಾರಿವಾಳಗಳ ಪ್ರಸಾದ. ಹಕ್ಕಿ ಹಿಕ್ಕೆಯಲ್ಲಿ ಆಮ್ಲ ಇರುತ್ತೆ, ಅರ್ಧ ದಿನ ಬಿಸಿಲಲ್ಲಿ ಬಿಟ್ರೆ ಬಣ್ಣದಲ್ಲಿ ಗುಳಿ ಬೀಳುತ್ತೆ. ಇದೆಲ್ಲದರ ಮೇಲೆ ಮುಗಿಯದ ಕಾಮಗಾರಿಗಳ ಸಿಮೆಂಟ್ ಧೂಳು.

ಆ ಧೂಳನ್ನ ಒಣಬಟ್ಟೆಯಿಂದ ಒರೆಸೋದು ಎಲ್ಲಕ್ಕಿಂತ ಕೆಟ್ಟದ್ದು. ಧೂಳು ಅಂದ್ರೆ ಪುಡಿ ಕಲ್ಲು. ಒಣಬಟ್ಟೆ ಹಾಕಿ ತಿಕ್ಕಿದ್ರೆ ಮರಳು ಕಾಗದ ಹಾಕಿ ತಿಕ್ಕಿದಂಗೆ. ಸಂಜೆ ಬಿಸಿಲಲ್ಲಿ ನಿಮ್ಮ ಕಾರಿನ ಬಾನೆಟ್ ನೋಡಿ, ಜೇಡರಬಲೆ ಹಾಗೆ ಸುತ್ತುಸುತ್ತು ಗೀರು ಕಾಣುತ್ತೆ. ಅದು ದಿನಾ ಬೆಳಗ್ಗೆ ಒರೆಸಿದ್ದರ ಫಲ.

ಕೆಲಸಕ್ಕೆ ಆರು ದಿನ ಹಿಡೀತು. ದಿನಾ ಬೆಳಗ್ಗೆ ಆರೂವರೆಯಿಂದ ಒಂಬತ್ತೂವರೆ, ಬಿಸಿಲು ಬೀಳೋ ಮೊದಲು, ತಗಡು ತಣ್ಣಗಿರೋವಾಗ. ಮೊದಲನೇ ದಿನ ತೊಳೆಯೋದು, ಎರಡು ಬಕೆಟ್ ಇಟ್ಕೊಂಡು. ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು. ಬಟ್ಟೆಯನ್ನ ಬರೀ ನೀರಿನಲ್ಲಿ ಹಿಂಡದೆ ಶಾಂಪೂ ಬಕೆಟ್‌ಗೆ ಅದ್ದೋ ಹಾಗಿಲ್ಲ, ಮಡಿ ಮಾಡಿದಂಗೆ. ಒಟ್ಟು ಮೂರು ಬಕೆಟ್ ಮಳೆನೀರಿನಲ್ಲಿ ಮುಗೀತು. ಹಳೇ ನೀರಿನ ಕಲೆಗಳಿಗೆ ಬಿಳಿ ವಿನೆಗರನ್ನ ನೀರಿಗೆ ಬೆರೆಸಿ ಒರೆಸಿ, ತಕ್ಷಣ ತೊಳೆದೆ.

ಎರಡನೇ ದಿನ ಕ್ಲೇ. ತೊಳೆದ ಕಾರಿನ ಮೇಲೆ ಪ್ಲಾಸ್ಟಿಕ್ ಕವರ್‌ನೊಳಗೆ ಬೆರಳಿಟ್ಟು ಸವರಿ ನೋಡಿ, ರವೆ ಚೆಲ್ಲಿದ ಹಾಗೆ ತರಿತರಿ ಅನ್ನಿಸುತ್ತೆ. ಬಣ್ಣದೊಳಗೆ ಕಚ್ಚಿಕೊಂಡ ಕಬ್ಬಿಣದ ಚೂರು, ಡಾಂಬರು, ಮರದ ಅಂಟು ಅದು. ಚಪಾತಿ ಹಿಟ್ಟಿನಂಥ ಕ್ಲೇ ಉಂಡೆಯನ್ನ ತಟ್ಟಿ, ಶಾಂಪೂ ನೀರು ಚಿಮುಕಿಸಿ, ಒತ್ತದೆ ಜಾರಿಸಿದ್ರೆ ಅವನ್ನೆಲ್ಲ ಕಿತ್ತುಕೊಂಡು ಬರುತ್ತೆ. ಕ್ಲೇ ಕೊಳೆಯಾದ್ರೆ ಒಳಗಿನ ಭಾಗ ಮೇಲೆ ಬರೋ ಹಾಗೆ ಮಡಚಿ ನಾದಿಕೊಳ್ಳಬೇಕು. ನೆಲಕ್ಕೆ ಬಿತ್ತಾ, ಎಸೀರಿ. ತೊಳೆದು ವಾಪಸ್ ಹಾಕೋ ಹಾಗಿಲ್ಲ.

ಮೂರರಿಂದ ಐದನೇ ದಿನದವರೆಗೆ ಪಾಲಿಶ್. ಮೊದಲು ಅಂಚುಗಳಿಗೆ, ಬಾಡಿಯ ಗೆರೆ ಎದ್ದಿರೋ ಕಡೆಗೆ, ಕಪ್ಪು ಪ್ಲಾಸ್ಟಿಕ್‌ಗೆ ಮಾಸ್ಕಿಂಗ್ ಟೇಪ್. ಅಂಚುಗಳಲ್ಲಿ ಬಣ್ಣ ಯಾವಾಗಲೂ ತೆಳುವಾಗಿರುತ್ತೆ, ಉಜ್ಜಿದ್ರೆ ಅಲ್ಲೇ ಮೊದಲು ಪ್ರೈಮರ್ ಕಾಣೋದು. ಮಿಷನ್ ಸ್ನೇಹಿತೆಯ ತಮ್ಮನದು, ಡ್ಯುಯಲ್ ಆಕ್ಷನ್ ಪಾಲಿಶರ್. ಅದು ತಿರುಗೋದರ ಜೊತೆಗೆ ಅಲ್ಲಾಡುತ್ತೆ, ಹಾಗಾಗಿ ಒಂದೇ ಜಾಗ ಕಾದು ಬಣ್ಣ ಸುಡೋ ಭಯ ಕಡಿಮೆ. ಬರೀ ತಿರುಗೋ ಮಿಷನ್ ಬೇಗ ಕೆಲಸ ಮುಗಿಸುತ್ತೆ, ಕೈ ಪಳಗದವರ ಹತ್ತಿರ ಬಣ್ಣವನ್ನೂ ಮುಗಿಸುತ್ತೆ. ಬಾನೆಟ್ ಮೇಲೆ ಎರಡು ಅಡಿ ಚೌಕ ಗುರುತು ಮಾಡ್ಕೊಂಡು, ಎಲ್ಲಕ್ಕಿಂತ ನಯವಾದ ಪಾಲಿಶ್‌ನಿಂದ ಶುರು ಮಾಡಿದೆ. ಸಾಲದು ಅನ್ನಿಸಿದ ಮೇಲೆ ಒಂದು ದರ್ಜೆ ಒರಟು. ಬಾನೆಟ್‌ಗೆ ಎರಡನೇ ದರ್ಜೆ ಸಾಕಾಯ್ತು.

ಪ್ಯಾಡ್ ಕೆಂಪಾಯ್ತು, ಬಟ್ಟೆ ಕೆಂಪಾಯ್ತು, ನನ್ನ ಕೈಯೂ ಕೆಂಪಾಯ್ತು. ಕಾಂಪೌಂಡ್ ಒರೆಸಿದಾಗ ಕೆಳಗಿನಿಂದ ಬಂದ ಬಣ್ಣ ನೋಡಿ ಅಮ್ಮನನ್ನ ಕೂಗಿದೆ. ಅವಳು ಕಾಫಿ ಲೋಟ ಹಿಡ್ಕೊಂಡು ಗೇಟಿಗೆ ಬಂದು ನಿಂತಳು.

‘ಇದೇ ಬಣ್ಣನೇನೇ ಇದು? ತಂದಾಗ ಹೀಗಿತ್ತಾ?’

‘ಹೀಗೇ ಇತ್ತಮ್ಮ.’

‘ಹಿತ್ತಾಳೆ ದೀಪಕ್ಕೆ ಹುಣಸೆಹಣ್ಣು ಹಚ್ಚಿದಂಗಾಯ್ತು ಕಣೇ.’ ಆಮೇಲೆ ಬಟ್ಟೆ ನೋಡಿ ಹೇಳಿದಳು, ‘ಸಾಕು ಬಿಡು, ಇನ್ನೂ ಉಜ್ಜಿ ಎಲ್ಲ ಬಟ್ಟೆಗೇ ಬಂದುಬಿಟ್ಟೀತು.’

ಮೇಸ್ತ್ರಿ ಹೇಳಿದ್ದನ್ನೇ ಇವಳೂ ಹೇಳಿದ್ದಳು.

ಟಾಪ್ ವಿಷಯದಲ್ಲಿ ನಾನು ಆ 84ನ್ನ ಮರೀಲಿಲ್ಲ. ಇಡೀ ಕಾರಿನಲ್ಲಿ ಅತಿ ತೆಳುವಾದ ಜಾಗ, ಬಿಸಿಲು ಅತಿ ಹೆಚ್ಚು ತಿಂದ ಜಾಗವೂ ಅದೇ. ಅಲ್ಲಿ ಮಿಷನ್ ಇಡಲೇ ಇಲ್ಲ. ನಯವಾದ ಪಾಲಿಶ್, ಕೈ, ಮೆತ್ತಗಿನ ಪ್ಯಾಡ್. ಬಾನೆಟ್‌ನಷ್ಟು ಹೊಳಪು ಬರಲಿಲ್ಲ, ಮುಕ್ಕಾಲು ಬಂತು. ಅಲ್ಲಿಗೆ ನಿಲ್ಲಿಸಿದೆ. ಬಲಗಡೆ ಬಾಗಿಲ ಮೇಲೆ ಯಾವುದೋ ಬೈಕಿನ ಹ್ಯಾಂಡಲ್ ಎಳೆದ ಉದ್ದ ಗೀರಿದೆ. ಉಗುರು ಅಡ್ಡ ಎಳೆದ್ರೆ ಸಿಕ್ಕಿಕೊಳ್ಳುತ್ತೆ. ಉಗುರಿಗೆ ಸಿಗೋ ಗೀರು ಪಾಲಿಶ್‌ಗೆ ಹೋಗಲ್ಲ, ಹೋಗಿಸ್ತೀನಿ ಅಂತ ಹಟ ಹಿಡಿದ್ರೆ ಸುತ್ತಲಿನ ಬಣ್ಣವೆಲ್ಲ ಅದರ ಆಳಕ್ಕೆ ಇಳೀಬೇಕು. ಸಣ್ಣ ಬ್ರಷ್‌ನಲ್ಲಿ ಟಚಪ್ ಬಣ್ಣ ತುಂಬಿ, ತುಕ್ಕು ಹಿಡಿಯದ ಹಾಗೆ ಮುಚ್ಚಿ ಬಿಟ್ಟೆ. ಹತ್ತಿರ ಬಂದು ನೋಡಿದ್ರೆ ಕಾಣುತ್ತೆ.

ಬೀದಿಯವರು ಸುಮ್ಮನಿರ್ತಾರಾ? ಎದುರು ಮನೆ ಅಂಕಲ್ ವಾಕಿಂಗ್ ಮುಗಿಸಿ ಬಂದು ‘ಮಾರೋಕೆ ಇಟ್ಟಿದೀಯೇನಮ್ಮ?’ ಅಂದ್ರು. ಮೂರನೇ ಮನೆ ಆಂಟಿ ‘ಮಾಡೋಕೆ ಯಾರೂ ಸಿಗಲಿಲ್ವಾ, ನೀನೇ ಮಾಡ್ತಿದೀಯಲ್ಲ’ ಅಂದ್ರು. ಒಬ್ಬ ಹುಡುಗ ಮ್ಯಾಟ್ ಕಪ್ಪು ರ‍್ಯಾಪ್ ಹಾಕಿಸಿ ಅಕ್ಕ ಅಂದ. ಆರ್‌ಸಿಯಲ್ಲಿ ಕೆಂಪು ಅಂತ ಇದೆ ಕಣೋ, ಬಣ್ಣ ಬದಲಿಸಿದ್ರೆ ಆರ್‌ಟಿಓದಲ್ಲಿ ಅದನ್ನೂ ಬದಲಿಸಬೇಕು ಅಂದೆ. ‘ಆಫೀಸಿಲ್ವಾ?’ ಅಂತ ಯಾರೂ ಕೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು ಅನ್ನಿಸುತ್ತೆ.

ಗೊತ್ತಿದ್ದದ್ದನ್ನ ನೇರ ಹೇಳಿದ್ದು ಒಬ್ಬನೇ. ನಮ್ಮ ಬೀದಿಯ ಕಾರುಗಳನ್ನ ಒರೆಸೋ ಅಣ್ಣ. ಬೆಳಗ್ಗೆ ಐದೂವರೆಗೆ ಶುರು ಮಾಡಿದ್ರೆ ಎಂಟೂವರೆಯೊಳಗೆ ಇಪ್ಪತ್ತೆರಡು ಕಾರು. ಕಾರಿಗೆ ತಿಂಗಳಿಗೆ ಆರುನೂರು. ಒಂದು ಬಕೆಟ್, ಎರಡು ಬಟ್ಟೆ. ಆರನೇ ಕಾರಿನ ಹೊತ್ತಿಗೆ ಬಕೆಟ್ ನೀರು ಟೀ ಬಣ್ಣ. ಜೇಡರಬಲೆ ಗೀರುಗಳಿಗೆ ಅವನನ್ನ ಬೈಯೋದು ಸುಲಭ. ಇಪ್ಪತ್ತೆರಡು ಕಾರಿನವರಲ್ಲಿ ಒಬ್ಬರೂ ಅವನಿಗೆ ಎರಡನೇ ಬಕೆಟ್ ನೀರು ಕೊಟ್ಟಿರಲಿಲ್ಲ. ಮಾರ್ಚ್‌ನಲ್ಲಿ ನೀರಿನ ಆದೇಶ ಬಂದಾಗ ಏಳೆಂಟು ಮನೆಯವರು ಸದ್ಯಕ್ಕೆ ಬೇಡ ಅಂತ ನಿಲ್ಲಿಸಿದ್ರು, ಅವನ ಆದಾಯವೂ ಅಲ್ಲಿಗೇ ನಿಂತಿತು.

ಅವನಿಗೆ ಮಾರ್ಚ್ ಕೊನೆಯಲ್ಲೇ ಹೇಳಿದ್ದೆ, ಎರಡು ತಿಂಗಳು ದುಡ್ಡು ಕೊಡೋಕೆ ಕಷ್ಟ, ನನ್ನ ಕಾರು ಬಿಟ್ಟುಬಿಡಿ ಅಂತ. ಅವನು ಒಂದು ದಿನವೂ ಬಿಡಲಿಲ್ಲ. ಪಾಲಿಶ್ ನಡೀತಿದ್ದ ದಿನ ಪಕ್ಕದಲ್ಲಿ ನಿಂತು ನೋಡ್ತಾ ಹೇಳಿದ, ‘ಕೆಲಸ ಸಿಕ್ಕಿದ ಮೇಲೆ ಕೊಡಿ ಮೇಡಂ.’

‘ನಿಮಗೆ ಯಾರು ಹೇಳಿದ್ರು ಅಣ್ಣ?’

‘ಯಾರು ಹೇಳ್ಬೇಕು? ಆಫೀಸಿಗೆ ಹೋಗೋ ಗಾಡಿ ಮೇಲೆ ಒಂದು ಥರ ಧೂಳಿರುತ್ತೆ, ನಿಂತ ಗಾಡಿ ಮೇಲೆ ಇನ್ನೊಂದು ಥರ. ಫೆಬ್ರವರಿಯಿಂದ ನಿಮ್ಮದು ನಿಂತ ಧೂಳು.’

ನಾನು ಬೀದಿಗೆ ಬೆನ್ನು ಹಾಕಿ ಸ್ವಲ್ಪ ಹೊತ್ತು ಬಾಗಿಲು ಉಜ್ಜಿದೆ.

ಅವನಿಗೆ ಆರು ಮೈಕ್ರೋಫೈಬರ್ ಬಟ್ಟೆ, ಒಂದು ಸ್ಪ್ರೇ ಬಾಟಲಿ ಕೊಟ್ಟೆ. ಮೊದಲು ನೀರು ಚಿಮುಕಿಸಿ ಧೂಳು ನೆನೆಸಿ, ಆಮೇಲೆ ಒತ್ತದೆ ಒಂದೇ ದಿಕ್ಕಿಗೆ ಎಳೆಯೋದು, ಬಟ್ಟೆಯ ಮುಖ ಬದಲಿಸ್ತಾ ಹೋಗೋದು. ಎರಡು ನಿಮಿಷದಲ್ಲಿ ಕಲಿತ. ಈಗ ಇನ್ನೂ ನಾಲ್ಕು ಮನೆಯವರ ಹತ್ತಿರ ಇದೇ ಬಟ್ಟೆ ಕೇಳಿ ತರಿಸ್ಕೊಂಡಿದಾನೆ, ಆ ಕಾರುಗಳಿಗೆ ರೇಟೂ ಎಂಟುನೂರು ಮಾಡಿದಾನೆ. ನನಗೆ ಮಾತ್ರ ಹಳೇ ರೇಟು.

ಆರನೇ ದಿನ ಮೇಣ. ತೆಳುವಾಗಿ ಹಚ್ಚಿ, ಮಂಜು ಕವಿದ ಹಾಗೆ ಒಣಗಿದ ಮೇಲೆ ಒರೆಸೋದು. ಮೇಣ ಬಣ್ಣವನ್ನ ತೆಗೆಯಲ್ಲ, ಬಿಸಿಲು ನೀರು ನೇರ ತಾಗದ ಹಾಗೆ ತಾನು ಮಧ್ಯೆ ನಿಲ್ಲುತ್ತೆ. ಕೆಲವು ತಿಂಗಳಲ್ಲಿ ತಾನೇ ಸವೆದು ಹೋಗುತ್ತೆ, ಮತ್ತೆ ಹಚ್ಚಬೇಕು. ಕ್ಲಿಯರ್ ಕೋಟ್ ಇಲ್ಲದ ಕಾರಿಗೆ ಇದೊಂದೇ ಅಂಗಿ. ಶಾಂಪೂ, ಕ್ಲೇ, ಎರಡು ಥರ ಪಾಲಿಶ್, ಪ್ಯಾಡು, ಟೇಪು, ಬಟ್ಟೆ, ಮೇಣ, ಟಚಪ್ ಎಲ್ಲ ಸೇರಿ ಖರ್ಚು 5,400 ರೂಪಾಯಿ.

ಜೂನ್‌ನಲ್ಲಿ ಆರ್‌ಟಿಓ. ಇನ್ಸ್‌ಪೆಕ್ಟರ್ ಚಾಸಿ ನಂಬರ್ ನೋಡಿದ್ರು, ಲೈಟು, ಇಂಡಿಕೇಟರ್, ಹಾರ್ನ್, ಬ್ರೇಕ್ ನೋಡಿದ್ರು, ಎಮಿಷನ್ ಸರ್ಟಿಫಿಕೇಟ್ ನೋಡಿದ್ರು. ನನ್ನ ಆರು ದಿನದ ಕೆಲಸದ ಕಡೆ ಅರ್ಧ ಸೆಕೆಂಡು ಕಣ್ಣು ಹಾಯಿಸಿ, ಕಾಗದದ ಕಡೆ ನೋಡಿ ‘ಕಲರ್ ರೆಡ್’ ಅಂದು ಟಿಕ್ ಹಾಕಿದ್ರು. ಮಾರ್ಚ್‌ನಲ್ಲಿ ಹೋಗಿದ್ರೆ ಆ ಟಿಕ್‌ಗೂ ಸ್ವಲ್ಪ ಯೋಚನೆ ಮಾಡ್ತಿದ್ರೇನೋ. ಆರ್‌ಸಿ 2029ರ ಜೂನ್‌ವರೆಗೆ ಮುಂದುವರೀತು. ಜುಲೈನಲ್ಲಿ ಕೆಲಸ ಸಿಕ್ತು. ಸಂಬಳ ಹಳೇದಕ್ಕಿಂತ ಸ್ವಲ್ಪ ಕಡಿಮೆ, ಹಗಲು ಪಾಳಿ. ಮೊದಲ ಸಂಬಳ ಬಂದ ದಿನ ಒರೆಸೋ ಅಣ್ಣನ ನಾಲ್ಕು ತಿಂಗಳ ಬಾಕಿ ಕೊಟ್ಟೆ, ಎಣಿಸದೆ ಜೇಬಿಗಿಟ್ಟುಕೊಂಡ.

ಮೊನ್ನೆ ಹೊಸ ಆಫೀಸಿನ ಹುಡುಗಿಯೊಬ್ಬಳು ಪಾರ್ಕಿಂಗ್‌ನಲ್ಲಿ ಕೇಳಿದಳು, ‘ಇದನ್ನ ಪ್ರತಿ ವರ್ಷ ಹೀಗೆ ಪಾಲಿಶ್ ಮಾಡಿಸ್ತೀರಾ?’ ಇಲ್ಲ ಅಂದೆ. ತೊಳೆಯೋದು ಹದಿನೈದು ದಿನಕ್ಕೊಮ್ಮೆ, ಮೇಣ ಮೂರು ತಿಂಗಳಿಗೊಮ್ಮೆ. ಮಿಷನ್ ಹಿಡಿದು ಉಜ್ಜೋ ಅಂಥ ಪಾಲಿಶ್ ಈ ಕಾರಿಗೆ ನನ್ನ ಲೆಕ್ಕದಲ್ಲಿ ಇನ್ನು ಒಂದೇ ಸಲ ಬಾಕಿ ಇರೋದು, ಟಾಪ್‌ಗೆ ಅದೂ ಇಲ್ಲ. ಅದನ್ನ ಯಾವಾಗ ಖರ್ಚು ಮಾಡೋದು ಅಂತ ಇನ್ನೂ ತೀರ್ಮಾನ ಮಾಡಿಲ್ಲ. ಸದ್ಯಕ್ಕೆ ಹಕ್ಕಿ ಹಿಕ್ಕೆ ಕಂಡ ತಕ್ಷಣ ಒದ್ದೆ ಬಟ್ಟೆಯಿಂದ ತೆಗೀತೀನಿ. ಡಿಕ್ಕಿಯಲ್ಲಿ ಸದಾ ಒಂದು ಬಾಟಲಿ ನೀರು, ಒಂದು ಮೆತ್ತನೆ ಬಟ್ಟೆ ಇರುತ್ತೆ. ನೀವೂ ಇಟ್ಕೊಳ್ಳಿ.